ಕಳ್ಳಿಗಳ ನಾಡಿನಲ್ಲಿ ಕಯೋಟಿಯ ದರ್ಶನ

ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಆ ದಿನ ಅದೃಷ್ಟ ಎಂದು ನಮ್ಮ ಕಡೆ ಹೇಳುವುದುಂಟು. ಯಾರಿಗಾದರೂ ಎಣಿಸದ ಲಾಭ ಬಂದರೆ “ಏನ್ರೀ, ಇವತ್ತು ನರಿ ಮುಖ ನೋಡಿ ಎದ್ರಾ?” ಎಂದು ತಮಾಷೆ ಮಾಡುತ್ತೇವೆ. ಆದರೆ ಹಾಗೆ ಕೇಳುವವರಲ್ಲಿ ನಿಜವಾದ ನರಿಯನ್ನು ಕಂಡವರು ಎಷ್ಟು ಮಂದಿ? ಊರ ಹೊರಗಿನ ಕುರುಚಲು ಕಾಡೆಲ್ಲ ಸೈಟುಗಳಾದ ಮೇಲೆ ಅದರ ಕೂಗು ಕೇಳುವುದೂ ಅಪರೂಪವಾಗಿದೆ. ಅಂಥದ್ದರಲ್ಲಿ ನರಿಯ ದಾಯಾದಿಯೊಂದು ಅಮೆರಿಕದ ಮರುಭೂಮಿಯಲ್ಲಿ, ಪಟ್ಟಣದ ಅಂಚಿನಲ್ಲೇ, ಜನರ ಹಿತ್ತಲ ಗೋಡೆಯ ಆಚೆಗೇ ಸಂಸಾರ ಹೂಡಿಕೊಂಡಿದೆ. ಅದರ ಹೆಸರು ಕಯೋಟಿ. ಇತ್ತೀಚೆಗೆ ನಮ್ಮ ಸಣ್ಣ ಊರುಗಳಿಂದಲೂ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಅಮೆರಿಕಕ್ಕೆ ಹೋಗಿಬರುವ ತಾಯಂದಿರು ಬಹಳ. ಹೋದವರು ಅಂಗಡಿ, ಜಲಪಾತ, ಎತ್ತರದ ಕಟ್ಟಡ ನೋಡಿ ಬಂದು ವರ್ಣಿಸುತ್ತಾರೆ. ಖರ್ಚಿಲ್ಲದೆ ನೋಡಬಹುದಾದ ಈ ಪ್ರಾಣಿಯ ವಿಷಯ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅದಕ್ಕೇ ಈ ಬರಹ.

ನನ್ನ ಮಗಳು-ಅಳಿಯ ಇರುವುದು ಅರಿಜೋನಾ ರಾಜ್ಯದ ಟೂಸಾನ್ ಪಟ್ಟಣದಲ್ಲಿ. 2022ರಲ್ಲಿ ಮಗಳ ಎರಡನೆಯ ಬಾಣಂತನಕ್ಕೆಂದು ನಮ್ಮವರ ಜೊತೆ ಹೋದವಳು ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಅಲ್ಲೇ ಇದ್ದೆ. ಮೆಕ್ಸಿಕೊ ದೇಶದ ಗಡಿ ಅಲ್ಲಿಂದ ಸುಮಾರು 100 ಕಿಲೋಮೀಟರು. ಸುತ್ತಲೂ ಬೆಟ್ಟ, ನಡುವೆ ಸೊನೋರ ಮರುಭೂಮಿ. ಮರುಭೂಮಿ ಅಂದಕೂಡಲೇ ಮರಳುದಿಬ್ಬ, ಒಂಟೆ, ಖರ್ಜೂರದ ಮರ ಕಣ್ಣ ಮುಂದೆ ಬರುತ್ತದಲ್ಲವೆ? ಇದು ಹಾಗಲ್ಲ. ಚಳಿಗಾಲದಲ್ಲಿ ಒಂದಿಷ್ಟು ಜಿಟಿಜಿಟಿ, ಜುಲೈ-ಆಗಸ್ಟಿನಲ್ಲಿ ಗುಡುಗು ಸಿಡಿಲಿನ ಜೊತೆ ಒಂದಿಷ್ಟು, ಹೀಗೆ ವರ್ಷಕ್ಕೆ ಎರಡು ಸಲ ಮಳೆ ಕಾಣುವ ನೆಲ. ಆದ್ದರಿಂದ ಎಲ್ಲೆಲ್ಲೂ ಗಿಡಗಂಟಿ. 40 ಅಡಿ ಬೆಳೆದು ಕೈಯೆತ್ತಿ ನಿಂತಂತೆ ಕಾಣುವ ಸವಾರೋ ಎಂಬ ಕಳ್ಳಿಯೇ ಆ ನಾಡಿನ ದೊಡ್ಡ ಯಜಮಾನ. ಅದಕ್ಕೆ ಮೊದಲ ಕೈ ಮೂಡಬೇಕಾದರೆ 50ರಿಂದ 75 ವರ್ಷ ಆಗಬೇಕಂತೆ! ಐವತ್ತು ದಾಟಿದ ಮೇಲೆ ಚಿಗುರುವುದೂ ಉಂಟು ಎಂದು ನನಗಂತೂ ಸಮಾಧಾನವಾಯಿತು.

ನಮಗೆ ಗುರುತಿರುವ ನೆಂಟರೂ ಅಲ್ಲಿದ್ದಾರೆ. ಪಾಪಾಸುಕಳ್ಳಿ ಹೆಜ್ಜೆಗೊಂದು. ಮೆಸ್ಕೀಟ್ ಎಂಬ ಮರವನ್ನು ಕಂಡು ನಮ್ಮವರು “ಅರೆ, ಇದು ಬಳ್ಳಾರಿ ಜಾಲಿ ಕಣೇ!” ಎಂದರು. ನಿಜ, ಎರಡೂ ಒಂದೇ ಕುಲದವು. ಬಳ್ಳಾರಿ ಜಾಲಿ ನಮ್ಮಲ್ಲಿಗೆ ಬಂದದ್ದೇ ಅಮೆರಿಕ ಖಂಡದ ಕಡೆಯಿಂದ.

ಮಗಳ ಮನೆಯ ಹಿಂದೆ ಒಂದು ಒಣ ಹಳ್ಳ. ಅಲ್ಲಿನವರು ಅದಕ್ಕೆ ‘ವಾಶ್’ ಅನ್ನುತ್ತಾರೆ. ಮಳೆ ಸುರಿದ ದಿನ ಕೆಂಪು ನೀರು ಅಬ್ಬರಿಸಿ ಹರಿಯುತ್ತದೆ, ಉಳಿದ ದಿನ ಬರೀ ಮರಳು. ಕಯೋಟಿಗಳಿಗೆ ಇದೇ ರಾಜಬೀದಿ. ನಾವು ಹೋದ ಮೊದಲನೆಯ ರಾತ್ರಿಯೇ ಅವುಗಳ ಕೂಗು ಕೇಳಿತು. ಮೊದಲು ನಾಯಿಯ ಹಾಗೆ ಎರಡು ಬೊಗಳು, ಆಮೇಲೆ ಉದ್ದನೆಯ ಊಳು, ಅದರ ಮೇಲೆ ಇನ್ನೊಂದು, ನಡುನಡುವೆ ಕಿರಿಚಾಟ, ನಗು ಬೇರೆ! ಕಡಿಮೆಯೆಂದರೂ ಹತ್ತಿಪ್ಪತ್ತು ಇರಬೇಕು ಅನ್ನಿಸುತ್ತದೆ. ಆದರೆ ಎರಡೇ ಕಯೋಟಿ ಸೇರಿದರೂ ಇಷ್ಟು ಗದ್ದಲ ಎಬ್ಬಿಸಬಲ್ಲವಂತೆ. ಒಂದೊಂದೂ ದನಿಯನ್ನು ಕ್ಷಣಕ್ಷಣಕ್ಕೆ ಏರಿಸಿ ಇಳಿಸಿ ಬದಲಾಯಿಸುವುದರಿಂದ ಕೇಳುವವರಿಗೆ ಹಿಂಡೇ ಇದೆಯೆಂಬ ಭ್ರಮೆ. ಎರಡು ಓರಗಿತ್ತಿಯರು ಜಗಳಕ್ಕೆ ನಿಂತರೆ ಬೀದಿಗೆಲ್ಲ ಜಾತ್ರೆ ಅನ್ನಿಸುವುದಿಲ್ಲವೇ, ಹಾಗೆ. 1823ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿ ಇದಕ್ಕೆ ಶಾಸ್ತ್ರೀಯ ಹೆಸರಿಡುವಾಗ ‘ಬೊಗಳುವ ನಾಯಿ’ ಎಂಬ ಅರ್ಥ ಬರುವಂತೆ ಕ್ಯಾನಿಸ್ ಲ್ಯಾಟ್ರಾನ್ಸ್ ಎಂದು ಕರೆದನು. ಕಯೋಟಿ ಎಂಬ ಮಾತು ಅದಕ್ಕಿಂತ ಬಹಳ ಹಳೆಯದು, ಮೆಕ್ಸಿಕೊದ ಮೂಲ ಜನರ ನಹುವಾಟಲ್ ಭಾಷೆಯದು.

ಕೂಗು ಕೇಳುವುದು ಸುಲಭ, ಕಣ್ಣಿಗೆ ಬೀಳುವುದು ಕಷ್ಟ. ಕಾರು ಹತ್ತಿ ಊರೆಲ್ಲ ಸುತ್ತಿದರೆ ಸಿಕ್ಕೀತೆಂಬ ಭರವಸೆಯಿಲ್ಲ. ಅದು ನಡೆಯುವ ದಾರಿ ತಿಳಿದು, ಅದು ನಡೆಯುವ ಹೊತ್ತಿಗೆ ನಾವು ಅಲ್ಲಾಡದೆ ಕೂತಿರಬೇಕು, ಅಷ್ಟೇ. ದಾರಿ ತಿಳಿಯುವುದು ಹೆಜ್ಜೆಯಿಂದ. ಬೆಳಗಿನ ಓರೆ ಬಿಸಿಲಿನಲ್ಲಿ ಹಳ್ಳದ ಮರಳನ್ನು ನೋಡಿದರೆ ರಾತ್ರಿಯೆಲ್ಲ ಯಾರು ಯಾರು ಬಂದುಹೋದರು ಎಂಬ ಲೆಕ್ಕ ಬರೆದಿಟ್ಟಂತೆ ಇರುತ್ತದೆ. ಕಯೋಟಿಯ ಹೆಜ್ಜೆ ಮೊಟ್ಟೆಯಾಕಾರ, ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ. ಸಾಕುನಾಯಿಯ ಹೆಜ್ಜೆ ದುಂಡಗೆ ಅಗಲವಾಗಿ, ಅತ್ತಿತ್ತ ಅಲೆದಾಡಿರುತ್ತದೆ. ಹೊಟ್ಟೆ ತುಂಬಿದ ಪ್ರಾಣಿ, ಅದಕ್ಕೇನು ಅವಸರ! ಕಯೋಟಿಯದು ಒಂದೇ ಗೆರೆ ಎಳೆದ ಹಾಗೆ. ದುಡಿದು ತಿನ್ನುವವರಿಗೆ ಸುಮ್ಮನೆ ಅಲೆಯಲು ಪುರುಸೊತ್ತೆಲ್ಲಿ? ಬೆಕ್ಕಿನ ಜಾತಿಯವುಗಳ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ.

ಎರಡನೆಯ ಗುರುತು ಅದರ ಲದ್ದಿ. ಮೂಗು ಮುರಿಯಬೇಡಿ. ದಾರಿ ಕೂಡುವ ಜಾಗದಲ್ಲಿ ಬೇಕೆಂದೇ ಹಾಕಿ ‘ಇದು ನಮ್ಮ ಸರಹದ್ದು’ ಎಂದು ಸಾರುತ್ತದೆ. ಅದರಲ್ಲಿ ಇಲಿಯ ಕೂದಲು, ಮೆಸ್ಕೀಟ್ ಬೀಜ, ಕಳ್ಳಿ ಹಣ್ಣಿನ ಬೀಜ ಎಲ್ಲ ಕಾಣುತ್ತದೆ. ಕೋಲಿನಿಂದ ಕೆದಕಿ ನೋಡಬೇಕೇ ಹೊರತು ಕೈಯಲ್ಲಿ ಮುಟ್ಟಬಾರದು, ರೋಗದ ಭಯವಿದೆ. ಮೂರನೆಯ ಗುರುತು ನನಗೆ ಬಹಳ ಮೆಚ್ಚುಗೆಯಾದದ್ದು. ಬೇಸಿಗೆಯಲ್ಲಿ ಕಯೋಟಿ ಹಳ್ಳದ ಮರಳನ್ನು ತೋಡಿ ನೀರು ಜಿನುಗಿಸುತ್ತದೆ, ನಮ್ಮ ಬಯಲುಸೀಮೆಯ ಹೆಂಗಸರು ಒರತೆ ತೋಡುವ ಹಾಗೆಯೇ. ಅದು ಕುಡಿದು ಹೋದ ಮೇಲೆ ಹಕ್ಕಿ, ಜೇನು, ಮೊಲ ಎಲ್ಲಕ್ಕೂ ಅದೇ ನೀರು.

ಹೊತ್ತು ಯಾವುದು? ಬಿಸಿಲು ಹುಟ್ಟುವ ಮುಂಚೆ ಅರ್ಧ ಗಂಟೆ, ಮುಳುಗಿದ ಮೇಲೆ ಅರ್ಧ ಗಂಟೆ. ಬೇಸಿಗೆಯಲ್ಲಿ ಅಲ್ಲಿ ಐದೂಕಾಲಿಗೆಲ್ಲ ಸೂರ್ಯ ಬಂದುಬಿಡುತ್ತಾನೆ. ಮಗಳು ಮಗು ಮಲಗಿರುವ ಹೊತ್ತಿನಲ್ಲಿ, ನಾಲ್ಕೂವರೆಗೆ ಎದ್ದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ನಾವಿಬ್ಬರೂ ಹಳ್ಳದ ದಂಡೆಯ ಮೆಸ್ಕೀಟ್ ಮರದ ಕೆಳಗೆ ಮಡಿಸುವ ಕುರ್ಚಿ ಹಾಕಿ ಕೂರುತ್ತಿದ್ದೆವು. ಗಾಳಿ ನಮ್ಮ ಕಡೆಯಿಂದ ಹಳ್ಳಕ್ಕೆ ಬೀಸುವ ದಿನ ಹೋದರೆ ದಂಡ, ವಾಸನೆ ತಿಳಿದುಬಿಡುತ್ತದೆ. ಸೆಂಟು, ಘಮಘಮ ತಲೆಯೆಣ್ಣೆ ಯಾವುದೂ ಕೂಡದು. ಬಳೆಯ ಸದ್ದೂ ಆಗಬಾರದೆಂದು ನಾನು ಗಾಜಿನ ಬಳೆಗೆ ಕರವಸ್ತ್ರ ಸುತ್ತಿಕೊಳ್ಳುತ್ತಿದ್ದೆ. ನಮ್ಮವರ ಕೆಮ್ಮಿಗೆ ಏನು ಸುತ್ತುವುದು?

ಹನ್ನೊಂದನೆಯ ದಿನ ಬಂತು. ಮೊದಲು ಲಾವಕ್ಕಿಗಳು ಗಾಬರಿಯಿಂದ ಕೂಗಿ ಪೊದೆ ಸೇರಿದವು. ಆಮೇಲೆ ಹಳ್ಳದ ತಿರುವಿನಲ್ಲಿ ಮರಳೇ ಎದ್ದು ನಡೆದು ಬಂದಂತೆ ಒಂದು ಆಕಾರ. ಬೂದು, ಗೋಧಿ ಎರಡೂ ಬೆರೆತ ಬಣ್ಣ, ತೆಳ್ಳನೆಯ ಕಾಲು, ದೊಡ್ಡ ಕಿವಿ, ತುದಿ ಕಪ್ಪಾದ ಪೊದೆಬಾಲ. ಓಡುವಾಗಲೂ ಬಾಲ ಕೆಳಗೇ ಇರುತ್ತದೆ, ಅದೇ ಗುರುತು. ಮರುಭೂಮಿಯ ಕಯೋಟಿ 9-10 ಕಿಲೋಗಿಂತ ಹೆಚ್ಚು ತೂಗುವುದು ಕಡಿಮೆ, ಹೆಚ್ಚುಕಡಿಮೆ ನಮ್ಮ ನರಿಯಷ್ಟೇ. ಈ ಗಂಡಿಗೆ ಎಡಗಿವಿ ಸೀಳಿತ್ತು. ಗಕ್ಕನೆ ನಿಂತಿತು. ತಲೆ ಓರೆ ಮಾಡಿ ನೆಲಕ್ಕೆ ಕಿವಿಗೊಟ್ಟಿತು. ನಾಲ್ಕೂ ಕಾಲು ಮೇಲೆತ್ತಿ ಹಾರಿ ಮುಂಗಾಲು ಜೋಡಿಸಿ ಒಂದು ಜಾಗಕ್ಕೆ ಬಿದ್ದಿತು ನೋಡಿ, ಒಂದು ಇಲಿ ಮುಗಿಯಿತು! ಆಗ ನಮ್ಮ ಕಡೆ ತಿರುಗಿತು. ಹಳದಿ ಕಣ್ಣು. ಹೆದರಿಕೆಯಿಲ್ಲ, ಸ್ನೇಹವೂ ಇಲ್ಲ, ‘ಇವರು ಯಾರು’ ಎಂದು ಅಳೆಯುವ ನೋಟ ಅಷ್ಟೇ. ಓಡಲಿಲ್ಲ. ಪಕ್ಕಕ್ಕೆ ಸರಿದು, ಒಮ್ಮೆ ಹಿಂತಿರುಗಿ ನೋಡಿ, ಪೊದೆಗಳ ನಡುವೆ ಕರಗಿಹೋಯಿತು. ಎಲ್ಲ ಸೇರಿ ಎರಡು ನಿಮಿಷ ಇರಬಹುದು.

ನಾಲ್ಕು ವರ್ಷದ ಮೊಮ್ಮಗನಿಗೆ ಹೇಳಿದರೆ ಅವನು “ಅಜ್ಜಿ, ರೋಡ್‌ರನ್ನರ್ ಹಕ್ಕಿ ಅದರ ಕೈಗೆ ಸಿಕ್ತಾ?” ಅಂದ. ಆ ಕಾರ್ಟೂನು 1949ರಿಂದ ಮಕ್ಕಳನ್ನು ನಗಿಸುತ್ತ ಬಂದಿದೆ. ಪಾಪದ ಕಯೋಟಿ ಸದಾ ಸೋಲುತ್ತದೆ. ನಿಜದಲ್ಲಿ ರೋಡ್‌ರನ್ನರ್ ಗಂಟೆಗೆ 30 ಕಿಲೋಮೀಟರಿನ ಆಸುಪಾಸು ಓಡಿದರೆ ಕಯೋಟಿ 60 ದಾಟಬಲ್ಲದು.

ಜೂನ್ ಬಂದ ಮೇಲೆ ದಂಪತಿಗಳ ಸಂಸಾರವೇ ಕಾಣತೊಡಗಿತು. ಕಯೋಟಿಗಳು ಜೋಡಿಯಾಗುವುದು ಜನವರಿಯಿಂದ ಮಾರ್ಚ್ ಒಳಗೆ. ಗರ್ಭ ಎರಡು ತಿಂಗಳು, ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಹೆಣ್ಣು ಬಿಲದಲ್ಲಿ ಮರಿಗಳ ಜೊತೆ ಇರುವಾಗ ಗಂಡು ಬೇಟೆಯಾಡಿ ತಂದುಕೊಡುತ್ತದೆ. ಅಂದರೆ ಗಂಡನೇ ಬಾಣಂತನ ಮಾಡುವ ಜಾತಿ! ಷಿಕಾಗೊ ಊರಿನ ಸುತ್ತಲಿನ ಕಯೋಟಿಗಳನ್ನು 2000ದಿಂದ ಅಭ್ಯಾಸ ಮಾಡುತ್ತಿರುವ ವಿಜ್ಞಾನಿಗಳು 236 ಪ್ರಾಣಿಗಳ ರಕ್ತಸಂಬಂಧ ಪರೀಕ್ಷಿಸಿ, ಜೋಡಿಗಳಲ್ಲಿ ಒಂದೂ ದಾರಿ ತಪ್ಪಿದ್ದಕ್ಕೆ ಸಾಕ್ಷಿ ಸಿಗಲಿಲ್ಲ ಎಂದು 2012ರಲ್ಲಿ ಪ್ರಕಟಿಸಿದರು. ನಾನು ಇದನ್ನು ಗಟ್ಟಿಯಾಗಿ ಓದಿ ಹೇಳಿದಾಗ ನಮ್ಮವರು ಪೇಪರಿನಿಂದ ತಲೆಯೆತ್ತಲಿಲ್ಲ.

ಹಳ್ಳದ ಆಚೆ ದಂಡೆಯಲ್ಲಿ, ಬೇರು ಬಿಟ್ಟುಕೊಂಡ ಮಣ್ಣಿನ ಕೆಳಗೆ ಬಿಲ. ನೂರು ಗಜ ದೂರದಿಂದ, ಅಳಿಯನ ದುರ್ಬೀನಿನಲ್ಲಿ ನೋಡಿದೆ. ನಾಲ್ಕು ಮರಿ. ತಾಯಿ ಬಂದಕೂಡಲೇ ಎಲ್ಲವೂ ಮುತ್ತಿಕೊಂಡು ಅದರ ಬಾಯಿ ನೆಕ್ಕಿದವು. ತಾಯಿ ನುಂಗಿ ತಂದದ್ದನ್ನು ಕಕ್ಕಿತು, ಮರಿಗಳು ತಿಂದವು. ನಮಗೆ ಹೇಸಿಗೆ ಅನ್ನಿಸಬಹುದು. ಆದರೆ ಕೈಯಿಲ್ಲದ ತಾಯಿ ಊಟದ ಡಬ್ಬಿ ಹೊತ್ತು ತರುವುದಾದರೂ ಹೇಗೆ? ಮನೆಗೆ ಬಂದಾಗ ಮಗಳು ಕೂಸಿಗೆ ಹಾಲೂಡಿಸುತ್ತ “ಎಲ್ಲಮ್ಮಾ ಹೋಗಿದ್ದೆ ಇಷ್ಟು ಹೊತ್ತು?” ಅಂದಳು. “ಇನ್ನೊಂದು ಬಾಣಂತಿ ನೋಡ್ಕೊಂಡು ಬಂದೆ ಕಣೇ” ಅಂದೆ. ಬಿಲದ ಹತ್ತಿರ ಜನ ಸುಳಿದಾಡಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಬಿಸಿಲ ನಾಡಿನಲ್ಲಿ ಅದು ಸಣ್ಣ ಕಷ್ಟವಲ್ಲ. ಆದ್ದರಿಂದ ಎರಡು ಸಲಕ್ಕಿಂತ ಹೆಚ್ಚು ಆ ಕಡೆ ಹೋಗಲಿಲ್ಲ.

ಜೂನ್ ಕೊನೆಗೆ ಸವಾರೋ ಹಣ್ಣು ಕಳಿಯುತ್ತದೆ. ಹೊರಗೆ ಹಸಿರು-ಕೆಂಪು, ಒಳಗೆ ಕೆಂಪು ತಿರುಳು, ಎಳ್ಳಿನಂಥ ಕರಿಬೀಜ, ಸಿಹಿ. ತೊಹೊನೊ ಓಡಮ್ ಎಂಬ ಅಲ್ಲಿಯ ಮೂಲ ಜನ ಒಣಗಿದ ಸವಾರೋ ಕಳ್ಳಿಯ ಕಡ್ಡಿಗಳನ್ನೇ ಉದ್ದಕ್ಕೆ ಜೋಡಿಸಿದ ದೋಟಿಯಿಂದ ಹಣ್ಣನ್ನು ಕೀಳುತ್ತಾರೆ. ಬೇಯಿಸಿ ಸೋಸಿ ಪಾಕ ಮಾಡುತ್ತಾರೆ, ನಮ್ಮ ಜೋನಿಬೆಲ್ಲದ ಹಾಗೆ. ಅವರಿಗೆ ಹೊಸ ವರ್ಷ ಶುರುವಾಗುವುದೂ ಆಗಲೇ. ಕೆಳಗೆ ಉದುರಿದ ಹಣ್ಣು ಕಯೋಟಿಯ ಪಾಲು. ಆ ತಿಂಗಳು ಅದರ ಲದ್ದಿಯೆಲ್ಲ ಕೆಂಪು, ಬೀಜಮಯ. ಮಾಂಸ ತಿನ್ನುವ ಪ್ರಾಣಿ ಹಣ್ಣು ತಿಂದು ಬೀಜ ಹಂಚುವುದು ವಿಚಿತ್ರವಲ್ಲವೇ? ಇದೇ ಜನ ಹೇಳುವ ಒಂದು ಕಥೆಯಲ್ಲಿ ಕಯೋಟಿ ಕಾಳಿನ ಚೀಲ ಹೊತ್ತು ಓಡುವಾಗ ಎಡವಿ ಬೀಳುತ್ತದೆ. ಟೆಪರಿ ಎಂಬ, ಹುರುಳಿಕಾಯಿ ಜಾತಿಯ ಬಿಳಿ ಕಾಳು ಆಕಾಶದ ತುಂಬ ಚೆಲ್ಲಿಹೋಯಿತು, ಅದೇ ಆಕಾಶಗಂಗೆ!

ಇನ್ನು ಹೇಳಬೇಕಾದ ಮುಖ್ಯ ಮಾತು.

ನಮ್ಮ ಬೀದಿಯ ಕೊನೆಯ ಮನೆಯವರು ಒಳ್ಳೆಯ ಜನ. ರಾತ್ರಿ ಉಳಿದ ಕೋಳಿ, ನಾಯಿಯ ಆಹಾರ ಎಲ್ಲವನ್ನೂ ಒಂದು ತಟ್ಟೆಯಲ್ಲಿ ಹಿತ್ತಲ ಗೋಡೆಯಾಚೆ ಇಡುತ್ತಿದ್ದರು. ಬಡಕಲು ಪ್ರಾಣಿ, ಪಾಪ, ಎಂದು. ಅವರನ್ನು ನಾನು ದೂರಲಾರೆ. ಕಾಗೆಗೆ ಅನ್ನ, ಹಸುವಿಗೆ ಮೊದಲ ರೊಟ್ಟಿ, ಬೀದಿನಾಯಿಗೆ ಉಳಿದ ಮುದ್ದೆ ಎಂದು ಬೆಳೆದವರು ನಾವು. ಹಸಿದ ಬಾಯಿ ಕಂಡರೆ ಕೈ ತಾನಾಗಿ ಪಾತ್ರೆಗೆ ಹೋಗುತ್ತದೆ. ಆದರೆ ಕಯೋಟಿಗೆ ಅದು ವಿಷಕ್ಕಿಂತ ಕಡೆ. ಅದರ ಜೀವ ಉಳಿಸುವುದೇ ಮನುಷ್ಯನ ಭಯ. ತಟ್ಟೆ ಕಂಡ ಮೇಲೆ ಆ ಭಯ ಹೋಗುತ್ತದೆ. ಮೊದಲು ರಾತ್ರಿ ಬರುತ್ತಿದ್ದದ್ದು ಸಂಜೆ ಬಂತು, ಆಮೇಲೆ ಹಾಡುಹಗಲೇ ಬಂತು. ಜುಲೈ ತಿಂಗಳ ಒಂದು ಸಂಜೆ ಮಕ್ಕಳ ಆಟದ ಮೈದಾನದಲ್ಲಿ ಒಬ್ಬ ಹುಡುಗನ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣಕ್ಕೆ ಬಾಯಿ ಹಾಕಿತು. ಹಲ್ಲು ತಗುಲಿ ಬೆರಳಲ್ಲಿ ರಕ್ತ ಬಂತು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಅಂತ ಆ ತಾಯಿ ಆಸ್ಪತ್ರೆಗೆ ಅಲೆದದ್ದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು. ನಮ್ಮ ಮೊಮ್ಮಗನೂ ಅದೇ ಮೈದಾನದಲ್ಲಿ ಆಡುವವನು.

ವನ್ಯಜೀವಿ ಇಲಾಖೆಯವರು ಬಂದರು. ಅದನ್ನು ಹಿಡಿದು ಕೊಂದರು. “ದೂರದ ಕಾಡಿಗೆ ಬಿಡಬಾರದಿತ್ತೇ?” ಎಂದು ನಾನು ಅಳಿಯನಿಂದ ಕೇಳಿಸಿದೆ. ಬಿಟ್ಟ ಕಡೆ ಬೇರೆ ಕಯೋಟಿಗಳ ಸರಹದ್ದು ಇರುತ್ತದೆ, ಇದಕ್ಕೆ ನೆಲೆ ಸಿಗುವುದಿಲ್ಲ. ಮನುಷ್ಯರ ಹತ್ತಿರ ಹೋಗುವ ಚಾಳಿಯನ್ನೂ ಜೊತೆಗೇ ಹೊತ್ತುಕೊಂಡು ಹೋಗುತ್ತದೆ ಎಂದರು. ಅಳಿಯ ಇನ್ನೊಂದು ಮಾತೂ ಕೇಳಿಕೊಂಡು ಬಂದ. ಕೊಂದ ಪ್ರಾಣಿಯ ಎಡಗಿವಿ ಸೀಳಿತ್ತು.

ಆಮೇಲೆ ಹಳ್ಳದಲ್ಲಿ ಹೆಣ್ಣೊಂದೇ ಓಡಾಡುತ್ತಿತ್ತು. ಹಗಲೂ ಬೇಟೆಗೆ ಬರಬೇಕಾಗಿತ್ತು ಅದಕ್ಕೆ. ಮಳೆ ಬಿದ್ದು ಮಿಡತೆ, ಇಲಿ ಹೆಚ್ಚಾದದ್ದು ಪುಣ್ಯ. ಸೆಪ್ಟೆಂಬರಿನಲ್ಲಿ ನಾನು ಕಡೆಯ ಸಲ ಎಣಿಸಿದಾಗ ಮರಿಗಳು ಮೂರು, ತಾವೇ ಮಿಡತೆ ಹಿಡಿಯುವಷ್ಟು ದೊಡ್ಡವಾಗಿದ್ದವು. ಬೀದಿ ಕೊನೆಯ ಮನೆಯವರು ತಟ್ಟೆ ಇಡುವುದನ್ನು ನಿಲ್ಲಿಸಿದ್ದರು. ಟೂಸಾನ್ ಇರುವ ಪೀಮಾ ಕೌಂಟಿಯಲ್ಲಿ ಕಾಡುಪ್ರಾಣಿಗೆ ತಿನ್ನಲು ಹಾಕುವುದು ಕಾನೂನಿನಂತೆಯೇ ಅಪರಾಧ. ಹಕ್ಕಿಗಳಿಗೂ ಮರದ ಅಳಿಲಿಗೂ ಮಾತ್ರ ವಿನಾಯಿತಿ.

ಕಯೋಟಿಯನ್ನು ಕೊಲ್ಲುವುದು ಆ ದೇಶಕ್ಕೆ ಹೊಸದಲ್ಲ. ಕುರಿ ಹಿಡಿಯುತ್ತದೆಂದು ಬಂದೂಕು, ಉರುಳು, ವಿಷ ಎಲ್ಲವನ್ನೂ ಸರಕಾರವೇ ಪ್ರಯೋಗಿಸಿತು. 1931ರಲ್ಲಿ ಅದಕ್ಕೊಂದು ಶಾಸನವನ್ನೇ ಮಾಡಿದರು. ಕೇಂದ್ರ ಸರಕಾರದ ಒಂದೇ ವಿಭಾಗ ಇತ್ತೀಚಿನ ವರ್ಷಗಳಲ್ಲೂ ವರ್ಷಕ್ಕೆ 50,000ಕ್ಕೂ ಹೆಚ್ಚು ಕಯೋಟಿಗಳನ್ನು ಕೊಂದಿದೆ. ಯಾರು ಹೆಚ್ಚು ಕೊಲ್ಲುತ್ತಾರೆಂದು ಪಂದ್ಯ ಕಟ್ಟುವ ಪದ್ಧತಿಯೂ ಇತ್ತು. ಅರಿಜೋನಾದಲ್ಲಿ ಅದನ್ನು 2019ರಲ್ಲಿ ನಿಷೇಧಿಸಿದರು. ಇಷ್ಟಾದರೂ ಕಯೋಟಿ ಕಡಿಮೆಯಾಗಿಲ್ಲ. ತೋಳ ಇಲ್ಲವಾದ ಕಡೆಯೆಲ್ಲ ಇದು ನುಗ್ಗಿದೆ. ಉತ್ತರದಲ್ಲಿ ಅಲಾಸ್ಕ, ದಕ್ಷಿಣದಲ್ಲಿ ಪನಾಮ, ನ್ಯೂಯಾರ್ಕ್ ಪಟ್ಟಣದ ನಡುವಿನ ಉದ್ಯಾನದಲ್ಲೂ ಕಾಣಿಸಿಕೊಂಡಿದೆ. ಮನುಷ್ಯರ ಮೇಲೆ ಬಿದ್ದು ಪ್ರಾಣ ತೆಗೆದದ್ದು ಮಾತ್ರ ಬಹಳ ಅಪರೂಪ. ಅಮೆರಿಕ, ಕೆನಡಾ ಎರಡೂ ದೇಶ ಸೇರಿ ದಾಖಲಾದ ಸಾವು ಎರಡು, 1981ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮಗು, 2009ರಲ್ಲಿ ಕೆನಡಾದ ಒಬ್ಬ ತರುಣಿ.

ಹೋಗುವ ಸೋದರಿಯರಿಗೆ ಒಂದೆರಡು ಸೂಚನೆ. ಅಕ್ಟೋಬರಿನಿಂದ ಏಪ್ರಿಲ್ ತನಕ ಹವೆ ಹಿತ, ಮರಿಗಳನ್ನು ನೋಡಬೇಕಾದರೆ ಮಾತ್ರ ಬೇಸಿಗೆ ಸಹಿಸಬೇಕು. ಬಿಸಿಲು 40 ಡಿಗ್ರಿ ದಾಟುತ್ತದೆ, ಒಬ್ಬರಿಗೆ ಎರಡು ಬಾಟಲಿ ನೀರು ಇಲ್ಲದೆ ಹೊಸ್ತಿಲು ದಾಟಬೇಡಿ. ಕತ್ತಲಲ್ಲಿ ಬ್ಯಾಟರಿ ಬೇಕು, ಗಿಲಕಿ ಹಾವುಗಳಿವೆ. ಮೋಡ ಕವಿದ ದಿನ ಹಳ್ಳಕ್ಕೆ ಇಳಿಯಕೂಡದು, ಎಲ್ಲೋ ಬೆಟ್ಟದಲ್ಲಿ ಬಿದ್ದ ಮಳೆ ಇಲ್ಲಿ ಒಮ್ಮೆಗೇ ನುಗ್ಗುತ್ತದೆ. ಕಯೋಟಿ ತೀರ ಹತ್ತಿರ ಬಂದರೆ ಓಡಬೇಡಿ. ಚಿಕ್ಕ ಮಗುವಿದ್ದರೆ ಎತ್ತಿಕೊಂಡು, ಸೆರಗು ಬೀಸಿ, ಗಟ್ಟಿಯಾಗಿ ಕೂಗಿ, ಫ್ಲಾಸ್ಕಿನ ಮುಚ್ಚಳ ಬಡಿದು ಹಿಂದಕ್ಕೆ ಹೆಜ್ಜೆ ಇಡಿ, ಅದು ಸರಿದುಹೋಗುತ್ತದೆ. ಬೆಳಗಿನ ಜಾವ ಏಳಲಾರದವರಿಗೆ ಊರ ಪಶ್ಚಿಮಕ್ಕೆ 1952ರಲ್ಲಿ ತೆರೆದ ಅರಿಜೋನಾ-ಸೊನೋರ ಮರುಭೂಮಿ ಸಂಗ್ರಹಾಲಯವಿದೆ. ಹೆಸರಿಗೆ ಸಂಗ್ರಹಾಲಯ, ಬಹುಪಾಲು ಬಯಲಿನಲ್ಲೇ. ಅಲ್ಲಿ ಕಯೋಟಿಯನ್ನು ಕಳ್ಳಿಗಳ ನಡುವೆ ನೆಮ್ಮದಿಯಾಗಿ ನೋಡಬಹುದು. ಪಕ್ಕದಲ್ಲೇ ಸವಾರೋ ರಾಷ್ಟ್ರೀಯ ಉದ್ಯಾನ.

ಮತ್ತೆ, ವ್ಯಾನಿಟಿ ಬ್ಯಾಗಿನಲ್ಲಿ ಒಂದು ಬಾಚಣಿಗೆ ಇರಲೇಬೇಕು. ತಲೆ ಬಾಚಲು ಅಲ್ಲ. ಚೋಯಾ ಎಂಬ ಕಳ್ಳಿ ಇದೆ, ಸೆರಗು ಸೋಕಿದರೆ ಸಾಕು, ತುಂಡೇ ಕಿತ್ತುಕೊಂಡು ಬಂದು ಅಂಟುತ್ತದೆ. ಕೈಯಿಂದ ಬಿಡಿಸಲು ಹೋದರೆ ಮುಳ್ಳು ಕೈಗೆ ಹತ್ತುತ್ತದೆ. ಬಾಚಣಿಗೆಯ ಹಲ್ಲನ್ನು ಬಟ್ಟೆಗೂ ಕಳ್ಳಿಗೂ ನಡುವೆ ತೂರಿಸಿ ಒಂದೇ ಏಟಿಗೆ ಆಚೆ ಹಾರಿಸಬೇಕು. ಹಾರಿಸುವಾಗ ಯಜಮಾನರು ಎದುರಿಗೆ ನಿಂತಿಲ್ಲವೆಂದು ನೋಡಿಕೊಳ್ಳಿ.